ಅಳಿಸಿದ ಅಂಕಿ

ಮಧ್ಯಾಹ್ನ ಎರಡೂವರೆ ಗಂಟೆಯ ಹೊತ್ತು. ಇಂಜಿನಿಯರಿಂಗ್ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ಪ್ರಯೋಗಶಾಲೆ. ಯಾವ ಊರಿನದೆಂದು ಹೇಳಬೇಕಾದ ಅಗತ್ಯವಿಲ್ಲ. ಇಂಥ ದೃಶ್ಯ ಯಾವ ಊರಿನಲ್ಲಿಯಾದರೂ ಕಾಣಬಹುದಾದದ್ದು. ಎರಡನೆಯ ವರ್ಷದ ವಿದ್ಯಾರ್ಥಿಗಳು ನಾಲ್ಕು ನಾಲ್ಕು ಜನರ ಗುಂಪಾಗಿ ಮೇಜುಗಳ ಸುತ್ತ ನಿಂತಿದ್ದಾರೆ. ಅಂದಿನ ಪ್ರಯೋಗ ತೀರ ಸರಳವಾದುದು. ಸಮಾನ ಬೆಲೆಯ ಎರಡು ರೋಧಕಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಹೊರಗಿನ ಎರಡು ತುದಿಗಳಿಗೆ ಹತ್ತು ವೋಲ್ಟಿನ ವಿದ್ಯುದೊತ್ತಡವನ್ನು ಕೊಟ್ಟು, ಒಂದು ರೋಧಕದ ಪಾಲಿಗೆ ಎಷ್ಟು ವೋಲ್ಟು ಬಂದಿದೆಯೆಂದು ಅಳೆಯಬೇಕು. ಸಮನಾದ ಎರಡು ಪಾಲು; ಹತ್ತರಲ್ಲಿ ಅರ್ಧ ಐದು. ಮಾಧ್ಯಮಿಕ ಶಾಲೆಯ ಹುಡುಗನೂ ಹೇಳಬಲ್ಲ ಲೆಕ್ಕ.

ಮೂಲೆಯ ಮೇಜಿನಲ್ಲಿದ್ದ ಹುಡುಗಿ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ರೋಧಕದ ತುದಿಗಳಿಗೆ ಮುಟ್ಟಿಸಿದಳು. ಮೀಟರಿನ ಮುಖದ ಮೇಲೆ 4.76 ಎಂಬ ಅಂಕಿ ಮೂಡಿತು. ಅದನ್ನು ಪೆನ್ಸಿಲಿನಿಂದ ಪುಸ್ತಕದಲ್ಲಿ ಬರೆದುಕೊಂಡಳು. ಪಕ್ಕದಲ್ಲಿದ್ದ ಗೆಳತಿ ಅವಳ ಕಿವಿಯಲ್ಲಿ ಏನನ್ನೋ ಹೇಳಿದಳು. ಹುಡುಗಿ ಒಂದು ಕ್ಷಣ ಅನುಮಾನಿಸಿ, ರಬ್ಬರನ್ನು ತೆಗೆದುಕೊಂಡು ಆ ಅಂಕಿಯನ್ನು ಅಳಿಸಿ, ಅದೇ ಜಾಗದಲ್ಲಿ 5.00 ಎಂದು ಬರೆದಳು. ಅವಳ ಮುಖದ ಮೇಲೆ ಕೆಲಸ ಮುಗಿಸಿದವರ ಸಮಾಧಾನ ಕಾಣಿಸಿತು.

ಹಿಂದೆ ನಿಂತಿದ್ದ ವಯಸ್ಸಾದ ಇನ್‌ಸ್ಟ್ರಕ್ಟರು ಅದನ್ನು ನೋಡಿದರು.

“ಏನಮ್ಮಾ, ಅಳಿಸಿದ್ದು ಯಾಕೆ?”

“ತಪ್ಪಾಗಿತ್ತು ಸರ್.”

“ಯಾರದು ತಪ್ಪು? ನಿನ್ನದೊ, ಮೀಟರಿನದೊ?”

“ಗೊತ್ತಿಲ್ಲ ಸರ್. ಐದು ಬರಬೇಕಾಗಿತ್ತು.”

“ಬರಬೇಕಾದದ್ದನ್ನು ಬರೆಯೋದಕ್ಕೆ ಇಲ್ಲಿಯವರೆಗೆ ಯಾಕೆ ಬಂದೆ ತಾಯಿ? ಹಾಸ್ಟೆಲಿನಲ್ಲಿ ಕೂತೇ ಬರೆಯಬಹುದಾಗಿತ್ತಲ್ಲ!”

ಸುತ್ತಲಿನವರು ನಕ್ಕರು. ಹುಡುಗಿ ತಲೆ ತಗ್ಗಿಸಿದಳು. ಆದರೆ ಇನ್‌ಸ್ಟ್ರಕ್ಟರು ಗದರಿಸಲಿಲ್ಲ. ಡ್ರಾಯರಿನಿಂದ ಬೇರೆ ಎರಡು ರೋಧಕಗಳನ್ನು ತೆಗೆದುಕೊಟ್ಟರು. ಮೊದಲಿನವು ತಲಾ ಒಂದು ಮೆಗಾ ಓಮಿನವು, ಅಂದರೆ ಹತ್ತು ಲಕ್ಷ ಓಮಿನವು. ಇವು ತಲಾ ಒಂದು ಸಾವಿರ ಓಮಿನವು. ಅದೇ ಹತ್ತು ವೋಲ್ಟು, ಅದೇ ಮೀಟರು. ಈ ಬಾರಿ 5.00 ಎಂದು ಸರಿಯಾಗಿಯೇ ಬಂದಿತು. ಆಮೇಲೆ ಅವರು ಬೀರುವಿನಿಂದ ಮುಳ್ಳು ತಿರುಗುವ ಹಳೆಯ ಮೀಟರೊಂದನ್ನು ತಂದು, ಮತ್ತೆ ಮೊದಲಿನ ರೋಧಕಗಳಿಗೆ ಅದನ್ನು ಹಚ್ಚುವಂತೆ ಹೇಳಿದರು. ಹುಡುಗಿ ಹಚ್ಚಿದಳು. ಮುಳ್ಳು ಒಂದೂವರೆಯ ಗೆರೆಯನ್ನೂ ಮುಟ್ಟದೆ ನಿಂತುಬಿಟ್ಟಿತು.

ಐದೆಲ್ಲಿ, ಒಂದೂವರೆಯೆಲ್ಲಿ! ಈಗ ಯಾರೂ ನಗಲಿಲ್ಲ. ನಾಲ್ವರೂ ಮೇಜಿನ ಮೇಲೆ ಬಾಗಿದರು.

ಆ ಅಂಕಿಗಳ ಗುಟ್ಟು ಇಷ್ಟೇ. ವಿದ್ಯುದೊತ್ತಡವನ್ನು ಅಳೆಯುವ ಯಾವ ಮೀಟರಾದರೂ ಅಳೆಯುವ ಹೊತ್ತಿನಲ್ಲಿ ತಾನೂ ಒಂದಿಷ್ಟು ವಿದ್ಯುತ್ತನ್ನು ಕುಡಿಯುತ್ತದೆ. ಕೆರೆಯಲ್ಲಿ ನೀರೆಷ್ಟಿದೆಯೆಂದು ನೋಡಹೋದವನು ಒಂದು ಚೊಂಬು ನೀರನ್ನು ಮೊಗೆದುಕೊಂಡರೆ ಕೆರೆಗೆ ಅದು ತಿಳಿಯುವುದೇ ಇಲ್ಲ. ಕೊಡದಲ್ಲಿರುವ ನೀರನ್ನು ನೋಡಹೋದವನು ಹಾಗೆಯೇ ಮಾಡಿದರೆ ಕೊಡದ ಮಟ್ಟ ಇಳಿಯುತ್ತದೆ. ಇಂದಿನ ಅಂಕಿ ತೋರುವ ಮೀಟರಿನ ಒಳರೋಧ ಸಾಮಾನ್ಯವಾಗಿ ಒಂದು ಕೋಟಿ ಓಮು. ಅದು ಹತ್ತು ಲಕ್ಷ ಓಮಿನ ರೋಧಕಕ್ಕೆ ಸಮಾಂತರವಾಗಿ ಸೇರಿದಾಗ ಎರಡೂ ಕೂಡಿ ಸುಮಾರು 9 ಲಕ್ಷ 9 ಸಾವಿರ ಓಮಿಗೆ ಇಳಿಯುತ್ತವೆ. ಪಾಲುಗಳು ಸಮನಾಗಿ ಉಳಿಯಲಿಲ್ಲ. ಆದ್ದರಿಂದಲೇ ಹತ್ತು ವೋಲ್ಟಿನಲ್ಲಿ ಅದರ ಪಾಲಿಗೆ ಬಂದದ್ದು 4.76. ಹಳೆಯ ಮುಳ್ಳಿನ ಮೀಟರಿನ ಮೇಲೆ ವೋಲ್ಟಿಗೆ 20,000 ಓಮು ಎಂದು ಬರೆದಿರುತ್ತದೆ. ಹತ್ತು ವೋಲ್ಟಿನ ಅಳತೆಯಲ್ಲಿ ಅದರ ಒಳರೋಧ ಎರಡು ಲಕ್ಷ ಓಮು ಮಾತ್ರ. ಅದು ಕುಡಿಯುವುದು ಹೆಚ್ಚು. ಆದುದರಿಂದ ಅದು ತೋರಿದ್ದು 1.43. ಸಾವಿರ ಓಮಿನ ರೋಧಕಗಳ ಮುಂದಾದರೋ ಒಂದು ಕೋಟಿ ಓಮಿನ ಮೀಟರು ಇದ್ದೂ ಇಲ್ಲದಂತೆ. ಮೀಟರು ಸುಳ್ಳು ಹೇಳಿರಲಿಲ್ಲ. ತಾನು ಬಂದುದರಿಂದ ಆದ ಬದಲಾವಣೆಯನ್ನೂ ಸೇರಿಸಿ ನಿಜವನ್ನೇ ಹೇಳಿತ್ತು. ಸುಳ್ಳು ಹೇಳಿದ್ದು ರಬ್ಬರು.

ಈ ರಬ್ಬರಿನ ವಿದ್ಯೆಯೇ ಇಂದು ಅನೇಕ ಕಾಲೇಜುಗಳ ಪ್ರಯೋಗಶಾಲೆಗಳಿಗೆ ಅಂಟಿದ ರೋಗ. ಉತ್ತರವನ್ನು ಮೊದಲು ಸೂತ್ರದಿಂದ ಕಂಡುಕೊಂಡು, ಅದಕ್ಕೆ ಹೊಂದುವಂತೆ ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಬರೆಯುವುದು. ಗ್ರಾಫಿನ ಗೆರೆಯನ್ನು ಮೊದಲು ಎಳೆದು ಆಮೇಲೆ ಅದರ ಮೇಲೆ ಚುಕ್ಕೆಗಳನ್ನು ಇಡುವುದು. ಹಿಂದಿನ ವರ್ಷದ ಅಣ್ಣಂದಿರ ರೆಕಾರ್ಡ್ ಪುಸ್ತಕದಿಂದ ಅಂಕಿಗಳನ್ನು ಇಳಿಸಿಕೊಳ್ಳುವುದು. ಮೇಜಿನ ಸುತ್ತ ನಾಲ್ವರಿದ್ದರೆ ಒಬ್ಬ ತಂತಿ ಜೋಡಿಸುತ್ತಾನೆ, ಒಬ್ಬ ಬರೆಯುತ್ತಾನೆ, ಇನ್ನಿಬ್ಬರು ಗಡಿಯಾರವನ್ನು ನೋಡುತ್ತಾರೆ. ಹುಡುಗರನ್ನು ಮಾತ್ರ ದೂಷಿಸಿ ಫಲವಿಲ್ಲ. ಸರಿಯಾದ ಉತ್ತರಕ್ಕೆ ಅಂಕ, ಅಂದವಾದ ರೆಕಾರ್ಡಿಗೆ ಅಂಕ. ಕಂಡದ್ದನ್ನು ಕಂಡಂತೆ ಬರೆದವನಿಗೆ ಮಾತ್ರ ಅಂಕ ಕಡಿಮೆ ಎಂಬ ಪದ್ಧತಿಯಿರುವಲ್ಲಿ ಸತ್ಯವನ್ನು ಹೇಳುವವರು ಯಾರು? ಪುಸ್ತಕದ ಬದನೆಕಾಯಿ ಪಲ್ಯಕ್ಕೆ ಬಾರದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಪುಸ್ತಕದ ಬದನೆಕಾಯಿಯನ್ನು ಬಾಣಲೆಗೆ ಹಾಕಿ ಪಲ್ಯವಾಯಿತೆಂದು ಬರೆದುಕೊಡುವುದನ್ನು ಪ್ರಯೋಗವೆಂದು ಕರೆಯುವ ವಿಪರ್ಯಾಸ ಈ ಕಾಲದ್ದು.

ವಿದ್ಯುತ್ತಿನ ಪ್ರಯೋಗಶಾಲೆ ಮೊದಲು ಏತಕ್ಕಾಗಿ ಹುಟ್ಟಿತೆಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿದೀತು. ವಿಲಿಯಂ ಥಾಮ್ಸನ್ 1846ರಲ್ಲಿ, ಇನ್ನೂ ಇಪ್ಪತ್ತೆರಡು ವರ್ಷದ ತರುಣ, ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. ಮುಂದೆ ಲಾರ್ಡ್ ಕೆಲ್ವಿನ್ ಎಂಬ ಬಿರುದಿನಿಂದ ಜಗತ್ಪ್ರಸಿದ್ಧನಾದವನು ಈತನೇ. ವಿದ್ಯಾರ್ಥಿಗಳು ಪಾಠ ಕೇಳಿದರೆ ಸಾಲದು, ಕೈಯಿಂದ ಅಳೆಯಬೇಕು ಎಂಬುದು ಅವನ ಮತ. ಅದಕ್ಕೆ ಬೇಕಾದ ಕೊಠಡಿ ಇರಲಿಲ್ಲ. ಪಾಠಶಾಲೆಯ ಪಕ್ಕದಲ್ಲಿ ದ್ರಾಕ್ಷಾರಸವನ್ನು ಇಡುತ್ತಿದ್ದ ಹಳೆಯ ನೆಲಮಾಳಿಗೆಯೊಂದು ಪಾಳುಬಿದ್ದಿತ್ತು. ಅದನ್ನೇ ಪಡೆದುಕೊಂಡು ಅಲ್ಲಿ ವಿದ್ಯಾರ್ಥಿಗಳ ಕೈಯಲ್ಲಿ ಅಳತೆಯ ಕೆಲಸವನ್ನು ಮಾಡಿಸತೊಡಗಿದ.

ಅದೇ ಕಾಲದಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಸುಮಾರು 2,000 ಮೈಲಿ ಉದ್ದದ ತಂತಿಯನ್ನು ಹಾಸಿ ಐರೋಪ್ಯ ಖಂಡವನ್ನೂ ಅಮೆರಿಕವನ್ನೂ ಕೂಡಿಸುವ ಸಾಹಸ ನಡೆದಿತ್ತು. ಕಂಪೆನಿಯ ಮುಖ್ಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್; ವೃತ್ತಿಯಿಂದ ಶಸ್ತ್ರವೈದ್ಯ. ಥಾಮ್ಸನ್ ಆ ಸಂಸ್ಥೆಯ ನಿರ್ದೇಶಕರಲ್ಲೊಬ್ಬ. ತಾಮ್ರವೆಂದರೆ ಎಲ್ಲ ತಾಮ್ರವೂ ಒಂದೇ ಎಂದು ಜನ ನಂಬಿದ್ದರು. ಥಾಮ್ಸನ್ 1857ರಲ್ಲಿ ಅಳೆದು ನೋಡಿದಾಗ ಅಂಗಡಿಯ ತಾಮ್ರದಲ್ಲಿ ಒಂದಕ್ಕೂ ಇನ್ನೊಂದಕ್ಕೂ ವಿದ್ಯುತ್ತನ್ನು ಸಾಗಿಸುವ ಶಕ್ತಿಯಲ್ಲಿ ಅಪಾರ ವ್ಯತ್ಯಾಸವಿರುವುದು ಕಂಡುಬಂದಿತು. ಬಹಳ ಸೂಕ್ಷ್ಮವಾದ ಪ್ರವಾಹವನ್ನೂ ಗುರುತಿಸುವ ಒಂದು ಉಪಕರಣವನ್ನೂ ಆತ ರಚಿಸಿದ. ಸಣ್ಣ ಕನ್ನಡಿಯೊಂದು ತೂಗಾಡುತ್ತದೆ. ಅದರ ಮೇಲೆ ಬಿದ್ದ ಬೆಳಕಿನ ಚುಕ್ಕೆ ದೂರದ ಅಳತೆಪಟ್ಟಿಯ ಮೇಲೆ ಅತ್ತಿತ್ತ ಸರಿಯುತ್ತದೆ. ಇದೇ ಕನ್ನಡಿಯ ಗ್ಯಾಲ್ವನೊಮೀಟರು.

1858ರ ಆಗಸ್ಟ್ 5ರಂದು ತಂತಿ ಎರಡು ದಡಗಳನ್ನೂ ಮುಟ್ಟಿತು. ಆಗಸ್ಟ್ 16ರಂದು ವಿಕ್ಟೋರಿಯಾ ರಾಣಿಯ ಶುಭಾಶಯ ಅಮೆರಿಕದ ಅಧ್ಯಕ್ಷನಿಗೆ ಹೋಯಿತು. ನೂರಕ್ಕೂ ಕಡಿಮೆ ಶಬ್ದಗಳ ಆ ಸಂದೇಶ ಸಮುದ್ರವನ್ನು ದಾಟಲು ಸುಮಾರು ಹದಿನಾರು ಗಂಟೆ ಹಿಡಿಯಿತು. ತನ್ನ ಉಪಕರಣಗಳ ಮೇಲೆ ಅಪಾರ ವಿಶ್ವಾಸವಿದ್ದ ವೈಟ್‌ಹೌಸ್, ಸಂಕೇತಗಳನ್ನು ಬಲವಾಗಿ ತಳ್ಳಬೇಕೆಂದು ಸುಮಾರು 2,000 ವೋಲ್ಟಿನ ಒತ್ತಡವನ್ನು ತಂತಿಗೆ ಹಾಕಿದ. ಅವನ ಉಪಕರಣ ಓದಲಾರದ ಸಂಕೇತಗಳನ್ನು ಥಾಮ್ಸನ್ನನ ಕನ್ನಡಿ ಓದುತ್ತಿತ್ತು. ಹಾಗೆ ಓದಿದ್ದನ್ನು ತನ್ನ ಯಂತ್ರದಿಂದಲೇ ಬಂದಿತೆಂಬಂತೆ ಆತ ತೋರಿಸಿಕೊಂಡ. ರಬ್ಬರಿನ ವಿದ್ಯೆ ಅಂದಿನದೂ ಹೌದು. ತಂತಿಯ ಹೊದಿಕೆಯಲ್ಲಿ ಮೊದಲೇ ದೋಷಗಳಿದ್ದವು. ಅತಿಯಾದ ಒತ್ತಡ ಅದರ ಅಂತ್ಯವನ್ನು ಬೇಗನೆ ತಂದಿತು. ಕೆಲವೇ ವಾರಗಳಲ್ಲಿ ತಂತಿ ಮೌನವಾಯಿತು. ಜನರ ಹಣ, ವರ್ಷಗಳ ದುಡಿಮೆ, ಎರಡು ದೇಶಗಳ ಸಂಭ್ರಮ ಎಲ್ಲವೂ ಸಮುದ್ರದ ಪಾಲಾಯಿತು.

ಆ ಸೋಲಿನಿಂದ ಹುಟ್ಟಿದ್ದೇ ವಿದ್ಯುತ್ತಿನ ಅಳತೆಯ ಶಿಸ್ತು. ಸರ್ಕಾರದ ವತಿಯಿಂದ ವಿಚಾರಣೆ ನಡೆಯಿತು. 1861ರಲ್ಲಿ ಬ್ರಿಟಿಷ್ ವಿದ್ವಾಂಸರ ಮಂಡಲಿಯೊಂದು ರೋಧದ ಅಳತೆಗೆ ಸರ್ವಸಮ್ಮತವಾದ ಮಾನವನ್ನು ನಿಶ್ಚಯಿಸಲು ಕುಳಿತಿತು. ಇಂದು ಪ್ರತಿಯೊಂದು ಪ್ರಯೋಗಶಾಲೆಯಲ್ಲಿಯೂ ಬಳಸುವ ಓಮು ಆ ಪ್ರಯತ್ನದ ಫಲ. 1866ರಲ್ಲಿ ಹಾಸಿದ ತಂತಿಯ ಪ್ರತಿಯೊಂದು ಭಾಗವನ್ನೂ ಅಳೆದು ಪರೀಕ್ಷಿಸಿಯೇ ಸಮುದ್ರಕ್ಕೆ ಇಳಿಸಿದರು. ಅದು ಕೆಲಸ ಮಾಡಿತು.

ಥಾಮ್ಸನ್ನನ ಶಿಷ್ಯರಲ್ಲಿ ವಿಲಿಯಂ ಏರ್ಟನ್ ಎಂಬಾತ ಒಬ್ಬ. ಗ್ಲಾಸ್ಗೋದಲ್ಲಿ ಕಲಿತು 1868ರಲ್ಲಿ ಭಾರತದ ತಂತಿ ಇಲಾಖೆಯ ಕೆಲಸಕ್ಕೆ ಬಂದ. ಕಾಡು ಮೇಡುಗಳನ್ನು ದಾಟಿಹೋದ ನೂರಾರು ಮೈಲಿಗಳ ತಂತಿ ಎಲ್ಲಿಯೋ ಒಂದೆಡೆ ಕೆಟ್ಟರೆ ಹುಡುಕುವುದು ಹೇಗೆ? ಕಂಬದಿಂದ ಕಂಬಕ್ಕೆ ಆಳನ್ನು ಅಟ್ಟುವುದಕ್ಕೆ ಬದಲು, ಕಚೇರಿಯಲ್ಲಿಯೇ ಕುಳಿತು ತಂತಿಯ ರೋಧವನ್ನು ಅಳೆದು, ಇಂತಿಷ್ಟು ಮೈಲಿಯ ಆಚೆ ದೋಷವಿದೆಯೆಂದು ಹೇಳುವ ವಿದ್ಯೆಯಲ್ಲಿ ಆತ ಪಳಗಿದ. ಇಲ್ಲಿ ಅಂಕಿಯನ್ನು ಅಳಿಸಿ ಬರೆಯುವ ಹಾಗಿಲ್ಲ. ತಪ್ಪು ಬರೆದರೆ ರಿಪೇರಿಯವನು ತಪ್ಪು ಕಂಬವನ್ನು ಹತ್ತುತ್ತಾನೆ. ತಂತಿ ಮೂಕವಾಗಿಯೇ ಉಳಿಯುತ್ತದೆ.

1873ರಲ್ಲಿ ಏರ್ಟನ್ ಜಪಾನಿನ ಟೋಕಿಯೋ ನಗರದ ಇಂಜಿನಿಯರಿಂಗ್ ಕಾಲೇಜಿಗೆ ಅಧ್ಯಾಪಕನಾಗಿ ಹೋದ. ವಿದ್ಯುತ್ತಿನ ಇಂಜಿನಿಯರುಗಳಿಗೆ ಕೈಕೆಲಸದಿಂದಲೇ ಪಾಠ ಹೇಳುವ ಪ್ರಯೋಗಶಾಲೆಯನ್ನು ಅಲ್ಲಿ ಕಟ್ಟಿದ. ಜಗತ್ತಿನಲ್ಲಿಯೇ ಅಂಥವುಗಳಲ್ಲಿ ಅದು ಮೊದಮೊದಲಿನದು. 1878ರ ಮಾರ್ಚ್ 25ರ ರಾತ್ರಿ, ಕೇಂದ್ರ ತಂತಿ ಕಚೇರಿಯ ಪ್ರಾರಂಭದ ಔತಣಕೂಟದಲ್ಲಿ, ಆತನೂ ಆತನ ವಿದ್ಯಾರ್ಥಿಗಳೂ ಕೂಡಿ ಕಾಲೇಜಿನ ಸಭಾಂಗಣದಲ್ಲಿ ವಿದ್ಯುತ್ತಿನ ಆರ್ಕ್ ದೀಪವನ್ನು ಹೊತ್ತಿಸಿದರು. ಜಪಾನು ಇಂದಿಗೂ ಆ ದಿನವನ್ನು ವಿದ್ಯುತ್ತಿನ ದಿನವೆಂದು ನೆನೆಯುತ್ತದೆ. ಆ ಹುಡುಗರಲ್ಲೊಬ್ಬನಾದ ಇಚಿಸುಕೆ ಫುಜಿಯೋಕ 1890ರಲ್ಲಿ ದೀಪದ ಬುರುಡೆಗಳನ್ನು ಮಾಡುವ ಕಂಪೆನಿಯನ್ನು ಸ್ಥಾಪಿಸಿದವರಲ್ಲಿ ಒಬ್ಬನಾದ. ಇಂದಿನ ತೋಷಿಬಾ ಸಂಸ್ಥೆಯ ಬೇರುಗಳಲ್ಲಿ ಅದೊಂದು. ಹೊರಗಿನವರು ತಂದುಕೊಟ್ಟ ದೀಪವನ್ನು ನೋಡಿ ಕೈತಟ್ಟುವ ಜನ ಒಂದು. ಹೊತ್ತಿಸುವಾಗ ತಾವೂ ತಂತಿ ಹಿಡಿದಿದ್ದ ಜನ ಇನ್ನೊಂದು. ಒಂದು ದೇಶದ ಹಣೆಯ ಬರಹ ಈ ವ್ಯತ್ಯಾಸದಲ್ಲಿ ಅಡಗಿರುತ್ತದೆ.

ಲಂಡನ್ನಿಗೆ ಹಿಂದಿರುಗಿದ ಏರ್ಟನ್ ಫಿನ್ಸ್‌ಬರಿ ಎಂಬಲ್ಲಿ ಕುಶಲಕರ್ಮಿಗಳಿಗಾಗಿ ಸಂಜೆಯ ತರಗತಿಗಳನ್ನು ನಡೆಸುತ್ತಿದ್ದ. 1884ರಲ್ಲಿ ಆ ತರಗತಿಗೆ ಗಡಿಯಾರ ರಿಪೇರಿಯವನೊಬ್ಬನ ಮಗಳು ಸೇರಿದಳು. ಮರುವರ್ಷ ಆಕೆ ಏರ್ಟನ್ನನ ಪತ್ನಿಯೂ ಆದಳು. ಹರ್ತಾ ಏರ್ಟನ್ ಎಂಬ ಹೆಸರು ಹೀಗೆ ಬಂದದ್ದು.

ಆಗ ಬೀದಿಗಳನ್ನು ಬೆಳಗುತ್ತಿದ್ದುದು ಆರ್ಕ್ ದೀಪ. ಎರಡು ಇದ್ದಿಲ ಕಡ್ಡಿಗಳನ್ನು ಮುಟ್ಟಿಸಿ ತುಸು ದೂರ ಸರಿಸಿದರೆ ನಡುವೆ ಕಣ್ಣು ಕೋರೈಸುವ ಬೆಳಕು ಹೊಮ್ಮುತ್ತದೆ. ಆದರೆ ಅದು ಮಿನುಗುತ್ತಿತ್ತು, ಹಾವಿನಂತೆ ಬುಸುಗುಟ್ಟುತ್ತಿತ್ತು. ಬುಸುಗುಟ್ಟುವಾಗ ಮೀಟರಿನ ಮುಳ್ಳು ಥಟ್ಟನೆ ಹಾರಿ ಅಂಕಿಗಳು ಗೆರೆಯನ್ನು ಬಿಟ್ಟು ಓಡುತ್ತಿದ್ದವು. ಹರ್ತಾ ಆ ಅಂಕಿಗಳನ್ನು ಬಿಟ್ಟುಬಿಡಲಿಲ್ಲ. ಕಡ್ಡಿಗಳ ಅಂತರವನ್ನೂ ಪ್ರವಾಹವನ್ನೂ ಒಂದೊಂದಾಗಿ ಬದಲಾಯಿಸುತ್ತ ವರ್ಷಗಟ್ಟಲೆ ಅಳೆದಳು. ಪ್ರವಾಹ ಹೆಚ್ಚಾದಾಗ ಇದ್ದಿಲ ಕಡ್ಡಿಯ ತುದಿಯ ಕುಳಿ ಹಿಗ್ಗಿ ಅದಕ್ಕೆ ಹೊರಗಿನ ಗಾಳಿ ತಗಲುತ್ತದೆ. ಗಾಳಿಯ ಆಮ್ಲಜನಕ ಇದ್ದಿಲೊಡನೆ ಕೂಡುವುದೇ ಆ ಬುಸುಗುಟ್ಟುವಿಕೆಗೆ ಕಾರಣ ಎಂದು ತೋರಿಸಿಕೊಟ್ಟಳು. 1899ರಲ್ಲಿ ಲಂಡನ್ನಿನ ವಿದ್ಯುತ್ ಇಂಜಿನಿಯರುಗಳ ಸಂಸ್ಥೆ ಆಕೆಯನ್ನು ಸದಸ್ಯಳನ್ನಾಗಿ ಮಾಡಿಕೊಂಡಿತು. ಆ ಗೌರವ ಪಡೆದ ಪ್ರಥಮ ಮಹಿಳೆ ಆಕೆಯೇ. 1902ರಲ್ಲಿ ರಾಯಲ್ ಸೊಸೈಟಿಗೆ ಆಕೆಯ ಹೆಸರು ಸೂಚಿತವಾದಾಗ, ವಿವಾಹಿತ ಸ್ತ್ರೀಗೆ ಅಲ್ಲಿ ಸ್ಥಾನವಿಲ್ಲವೆಂದು ಆ ಸಂಸ್ಥೆ ನಿರಾಕರಿಸಿತು. ನಾಲ್ಕು ವರ್ಷಗಳ ನಂತರ, 1906ರಲ್ಲಿ, ಅದೇ ಸಂಸ್ಥೆ ಅದೇ ಸ್ತ್ರೀಗೆ ಹ್ಯೂಸ್ ಪದಕವನ್ನು ಕೊಟ್ಟು ಗೌರವಿಸಬೇಕಾಯಿತು. ಬೇರೆಯವರು ಅಳಿಸಬಹುದಾಗಿದ್ದ ಅಂಕಿಗಳನ್ನು ಉಳಿಸಿಕೊಂಡದ್ದೇ ಆಕೆಯ ಗೆಲುವು.

ಹರ್ತಾ ಏರ್ಟನ್ ಆರ್ಕಿನ ಮೇಲಣ ತನ್ನ ಗ್ರಂಥವನ್ನು ಪ್ರಕಟಿಸಿದ 1902ನೆಯ ಇಸವಿಯಲ್ಲಿಯೇ ಕನ್ನಡ ನಾಡಿನಲ್ಲಿಯೂ ವಿದ್ಯುತ್ತಿನ ಕಥೆಯ ಒಂದು ದೊಡ್ಡ ಅಧ್ಯಾಯ ಮೊದಲಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಯೋಜನೆ ಫಲಿಸಿ, ಆ ವರ್ಷದ ಜೂನ್ ಕೊನೆಯಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದವು. ನೀರು ಕಾವೇರಿಯದು, ಯಂತ್ರಗಳು ಮಾತ್ರ ಹೊರದೇಶಗಳವು. ಆ ಕೊರತೆಯನ್ನು ತುಂಬಲು ಯಂತ್ರವನ್ನು ಕೊಂಡರೆ ಸಾಲದು, ಯಂತ್ರದ ಮನಸ್ಸನ್ನು ಬಲ್ಲ ಕೈಗಳನ್ನು ಬೆಳೆಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರ 1911ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಾಗ ರಸಾಯನಶಾಸ್ತ್ರದ ಜೊತೆಗೆ ಆರಂಭವಾದ ವಿಭಾಗ ವಿದ್ಯುತ್ ತಂತ್ರಶಾಸ್ತ್ರವೇ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಯಿತು. 1953ರಲ್ಲಿ ರಾಜೇಶ್ವರಿ ಚಟರ್ಜಿ ಎಂಬ ಕನ್ನಡ ನಾಡಿನ ಹೆಣ್ಣುಮಗಳು ವಿಜ್ಞಾನ ಮಂದಿರದ ಇಂಜಿನಿಯರಿಂಗ್ ಅಧ್ಯಾಪಕ ವರ್ಗವನ್ನು ಸೇರಿದ ಮೊದಲ ಮಹಿಳೆಯಾಗಿ, ಪತಿಯೊಡನೆ ಕೂಡಿ ಅಲ್ಲಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಶಾಲೆಯನ್ನು ಕಟ್ಟಿದರು. ಈ ಪರಂಪರೆ ಸಣ್ಣದಲ್ಲ. ಅದನ್ನು ರೆಕಾರ್ಡ್ ಪುಸ್ತಕದ ಅಂದದ ಅಕ್ಷರಗಳಿಗೆ ಮಾರಿಕೊಳ್ಳುವುದು ಮಾತ್ರ ಸಣ್ಣ ಮಾತು.

ಗಣಕಯಂತ್ರವಿರುವಾಗ ಈ ತಂತಿ, ತಿರುಪು, ಬೆಸುಗೆಗಳ ಗೋಜು ಇನ್ನೇಕೆ ಎಂದು ಕೇಳುವವರುಂಟು. ಗಣಕದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. 2020ರ ಮಹಾಮಾರಿಯಿಂದ ಕಾಲೇಜುಗಳು ಮುಚ್ಚಿದಾಗ ಮನೆಯಲ್ಲಿ ಕುಳಿತ ವಿದ್ಯಾರ್ಥಿಗೆ ಅಂತರ್ಜಾಲದ ಪ್ರಯೋಗಶಾಲೆಗಳು ಆಸರೆಯಾದವು. ಕಟ್ಟುವ ಮೊದಲು ಮಂಡಲವನ್ನು ಪರದೆಯ ಮೇಲೆ ಬರೆದು ನೋಡುವುದು ಇಂದು ಎಲ್ಲ ಇಂಜಿನಿಯರುಗಳ ಪದ್ಧತಿ. ಆದರೆ ಆ ಹುಡುಗಿಯ ಎರಡು ರೋಧಕಗಳನ್ನು ಪರದೆಯ ಮೇಲೆ ಬರೆದು ಅಳೆದರೆ ಬರುವುದು ಸರಿಯಾಗಿ ಐದೇ. ಅಲ್ಲಿಯ ಮೀಟರು ಸಾಮಾನ್ಯವಾಗಿ ಏನನ್ನೂ ಕುಡಿಯದ ಆದರ್ಶ ಮೀಟರು. ಅಲ್ಲಿ ತಿರುಪು ಸಡಿಲವಾಗುವುದಿಲ್ಲ, ತುದಿಗೆ ಕಿಲುಬು ಹಿಡಿಯುವುದಿಲ್ಲ, ರೋಧಕ ಬಿಸಿಯಾಗಿ ವಾಸನೆ ಬರುವುದಿಲ್ಲ. ನೀರಿಗಿಳಿಯದೆ ಈಜು ಬಾರದೆಂಬ ಹಿರಿಯರ ಮಾತು ವಿದ್ಯುತ್ತಿಗೂ ಸಲ್ಲುತ್ತದೆ.

ಇಲ್ಲಿ ಮುಳುಗುವ ಭಯವೂ ನಿಜವಾದದ್ದೆ. ಪ್ರಯೋಗಶಾಲೆಯ ಗೋಡೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟು. ಮನುಷ್ಯನ ದೇಹವನ್ನು ಕಾಯಲು ಹಾಕುವ ಸೋರಿಕೆಯ ಸ್ವಿಚ್ಚು 30 ಮಿಲಿ ಆಂಪಿಯರಿನ ಸೋರಿಕೆಗೇ ಬಿದ್ದುಬಿಡಬೇಕು; ನೂರು ಮಿಲಿ ಆಂಪಿಯರು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಸ್ವಿಚ್ಚು ತೆಗೆದ ಮೇಲೂ ದೊಡ್ಡ ಕೆಪ್ಯಾಸಿಟರು ತನ್ನಲ್ಲಿ ತುಂಬಿಕೊಂಡದ್ದನ್ನು ಹಿಡಿದುಕೊಂಡೇ ಕುಳಿತಿರುತ್ತದೆ. ಭಾರವಿಲ್ಲದೆ ತಿರುಗುತ್ತಿರುವ ಡಿ.ಸಿ. ಷಂಟ್ ಮೋಟಾರಿನ ಫೀಲ್ಡಿನ ತಂತಿ ಕಳಚಿದರೆ ಮೋಟಾರು ನಿಲ್ಲುವುದಿಲ್ಲ. ಹುಚ್ಚು ಹಿಡಿದಂತೆ ವೇಗವಾಗುತ್ತ ತನ್ನನ್ನು ತಾನೇ ಚಿಂದಿಮಾಡಿಕೊಳ್ಳುವವರೆಗೂ ಹೋಗಬಲ್ಲದು. ಇವನ್ನೆಲ್ಲ ವೈವಾ ಪರೀಕ್ಷೆಗೆ ಬಾಯಿಪಾಠ ಮಾಡಿದವನು ಒಂದು ತೆರ. ಹಿರಿಯರು ಪಕ್ಕದಲ್ಲಿ ನಿಂತಿರಲು, ಕೆಪ್ಯಾಸಿಟರನ್ನು ತಾನೇ ಖಾಲಿಮಾಡಿ, ಖಾಲಿಯಾಯಿತೆಂದು ಮೀಟರಿನಿಂದ ನೋಡಿ, ಆಮೇಲೆ ಕೈಯಿಟ್ಟವನು ಇನ್ನೊಂದು ತೆರ. ಎರಡನೆಯವನ ಎಚ್ಚರಿಕೆ ಅವನ ಬೆರಳುಗಳಲ್ಲಿರುತ್ತದೆ, ನಿದ್ದೆಗಣ್ಣಿನಲ್ಲಿಯೂ ಮರೆಯುವುದಿಲ್ಲ.

ಪರಿಹಾರಗಳು ಅಸಾಧ್ಯವಾದವಲ್ಲ; ಅನೇಕವು ದುಡ್ಡನ್ನೂ ಬೇಡುವುದಿಲ್ಲ. ಅಂಕಿಗಳನ್ನು ಶಾಯಿಯಿಂದಲೇ ಬರೆಯಬೇಕು. ತಪ್ಪೆನಿಸಿದರೆ ಓದಲು ಬರುವಂತೆ ಒಂದು ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಬೇಕು ಎಂಬ ಒಂದೇ ನಿಯಮ ಅರ್ಧ ರೋಗವನ್ನು ಕಳೆದೀತು. ಒಪ್ಪದ ಅಂಕಿಯನ್ನು ತಂದು ಅದರ ಕಾರಣವನ್ನು ಹುಡುಕಿದವನಿಗೆ, ಒಪ್ಪುವ ಅಂಕಿಯನ್ನು ತಂದವನಿಗಿಂತ ಕಡಿಮೆ ಅಂಕ ಬೀಳಕೂಡದು. ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಂಗಳಿಗೊಮ್ಮೆಯಾದರೂ ಒಬ್ಬನೇ ಮೇಜಿನ ಮುಂದೆ ನಿಂತು ಮೊದಲ ತಂತಿಯಿಂದ ಕೊನೆಯ ಅಂಕಿಯವರೆಗೆ ಎಲ್ಲವನ್ನೂ ತಾನೇ ಮಾಡಬೇಕು. ಅಧ್ಯಾಪಕರು ಬೇಕೆಂದೇ ಒಂದು ಕೆಟ್ಟ ತಂತಿಯನ್ನೊ ಸುಟ್ಟ ಫ್ಯೂಸನ್ನೊ ಇಟ್ಟು ‘ಹುಡುಕು’ ಎನ್ನಬೇಕು. ಏರ್ಟನ್ನನಿಗೆ ವಿದ್ಯೆ ಬಂದದ್ದು ಆ ದಾರಿಯಿಂದ. ಎಲ್ಲಕ್ಕಿಂತ ಮಿಗಿಲಾಗಿ, ಪ್ರಯೋಗಶಾಲೆಯ ಇನ್‌ಸ್ಟ್ರಕ್ಟರನ್ನೂ ಮೆಕ್ಯಾನಿಕ್ಕನ್ನೂ ಬೀರುವಿನ ಕೀಲಿಕೈಗೆ ಕಾವಲಿನವರೆಂದು ಎಣಿಸದೆ ಗುರುಗಳೆಂದು ಎಣಿಸಬೇಕು. ಹಳೆಯ ಮುಳ್ಳಿನ ಮೀಟರು ಯಾವ ಬೀರುವಿನಲ್ಲಿದೆ, ಅದನ್ನು ಯಾವ ಗಳಿಗೆಯಲ್ಲಿ ಹೊರತೆಗೆಯಬೇಕು ಎಂಬುದನ್ನು ಬಲ್ಲವರು ಅವರೇ.

ಆ ಮಧ್ಯಾಹ್ನದ ಕಥೆ ಇನ್ನೂ ಸ್ವಲ್ಪ ಉಳಿದಿದೆ. ಗಂಟೆ ಬಾರಿಸಿತು. ಬೇರೆ ಮೇಜಿನವರು ಹೊರಟುಹೋದರು. ಆ ಹುಡುಗಿ ಇನ್ನೂ ಲೆಕ್ಕ ಹಾಕುತ್ತಿದ್ದಳು. 1.43 ಎಂಬ ಅಂಕಿ ಕಾಗದದ ಮೇಲೆ ಬಂದಾಗ ಅವಳ ಕಣ್ಣುಗಳು ಅರಳಿದವು. ಇನ್‌ಸ್ಟ್ರಕ್ಟರು ಹತ್ತಿರ ಬಂದು ಕೇಳಿದರು:

“ನಿಮ್ಮ ತಂದೆ ಏನು ಮಾಡುತ್ತಾರಮ್ಮಾ?”

“ಲೈನ್‌ಮನ್ ಸರ್. ಊರಿನ ಹತ್ತಿರದ ಸೆಕ್ಷನ್ನಿನಲ್ಲಿ.”

ಅವರು ಕ್ಷಣಕಾಲ ಸುಮ್ಮನಿದ್ದರು.

“ಹಾಗಾದರೆ ನಿನಗೆ ಹೆಚ್ಚು ಹೇಳಬೇಕಾಗಿಲ್ಲ. ಅವರು ಕಂಬ ಹತ್ತೋ ಮೊದಲು ಏನು ಕೇಳುತ್ತಾರೆ?”

“ಲೈನ್ ಕ್ಲಿಯರ್ ಕೇಳುತ್ತಾರೆ ಸರ್. ಸ್ಟೇಷನ್ನಿನವರು ಲೈನು ಆಫ್ ಮಾಡಿ ಎಲ್.ಸಿ. ಕೊಡಬೇಕು. ಆಮೇಲೂ ಅವರೇ ಪರೀಕ್ಷೆಮಾಡಿ ಅರ್ಥ್ ಹಾಕಿಕೊಳ್ಳುತ್ತಾರೆ.”

“ಹೂಂ. ನಾಳೆ ನೀನು ಇಂಜಿನಿಯರಾಗಿ ಸ್ಟೇಷನ್ನಿನಲ್ಲಿ ಕೂತಿರುತ್ತೀಯೆ. ಲೈನಿನಲ್ಲಿ ವೋಲ್ಟೇಜು ಇರಬಾರದು, ಮೀಟರು ಮಾತ್ರ ಏನೋ ಒಂದಿಷ್ಟು ತೋರಿಸುತ್ತಿದೆ. ಸೊನ್ನೆ ಬರಬೇಕಾಗಿತ್ತು ಅಂತ ಸೊನ್ನೆ ಬರೆದುಬಿಡುತ್ತೀಯಾ?”

ಹುಡುಗಿ ಉತ್ತರ ಹೇಳಲಿಲ್ಲ. ಎಷ್ಟೋ ಮಳೆಯ ರಾತ್ರಿಗಳಲ್ಲಿ ಟಾರ್ಚು ಹಿಡಿದು ಹೊರಟ ತಂದೆ ಹಿಂದಿರುಗುವವರೆಗೆ ಬಾಗಿಲಲ್ಲೇ ಕುಳಿತಿದ್ದ ತಾಯಿಯ ನೆನಪು ಅವಳಿಗೆ ಬಂದಿರಬೇಕು. ಕಂಬದ ಮೇಲಿರುವವನಿಗೆ ಕೆಳಗಿನ ಪುಸ್ತಕದ ಅಂಕಿಯೇ ಆಯುಸ್ಸು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರು ವಿದ್ಯುತ್ತನ್ನು ಕಂಡಿರಲಿಲ್ಲ. ಆದರೂ ವಿದ್ಯುತ್ತಿನ ಕೆಲಸಕ್ಕೆ ಅದಕ್ಕಿಂತ ಹಿರಿದಾದ ನಿಯಮ ಇನ್ನೊಂದಿಲ್ಲ.

ಅವಳು ಪೆನ್ನನ್ನು ತೆಗೆದಳು. 5.00 ಎಂಬುದರ ಮೇಲೆ ಓದಲು ಬರುವಂತೆ ಒಂದು ಗೆರೆಯೆಳೆದು, ಪಕ್ಕದಲ್ಲಿ ಶಾಯಿಯಿಂದ 4.76 ಎಂದು ಬರೆದಳು. ಅದರ ಕೆಳಗೆ, ಏಕೆ ಎಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆಯತೊಡಗಿದಳು. ಇನ್‌ಸ್ಟ್ರಕ್ಟರು ಮುಳ್ಳಿನ ಮೀಟರನ್ನು ಬಟ್ಟೆಯಿಂದ ಒರೆಸಿ, ಮುಂದಿನ ಬ್ಯಾಚಿನವರಿಗಾಗಿ ಜೋಪಾನವಾಗಿ ಬೀರುವಿನಲ್ಲಿಟ್ಟರು.